ಇಷ್ಟು ಹಳೇ ವೈನ್ ಇಟ್ಕೊಂಡು ಏನ್ ಮಾಡ್ತೀರಾ, ಕುಡೀರಪ್ಪಾ

1989ರಲ್ಲಿ ನ್ಯೂಯಾರ್ಕ್‌ನ ಫೋರ್ ಸೀಸನ್ಸ್ ರೆಸ್ಟೋರೆಂಟಲ್ಲಿ ಒಂದು ವೈನ್ ಡಿನ್ನರ್. ವಿಲಿಯಂ ಸೊಕೊಲಿನ್ ಅನ್ನೋ ವ್ಯಾಪಾರಿ 1787ರ ಶಾಟೋ ಮಾರ್ಗೋ ಅನ್ನೋ ಫ್ರೆಂಚ್ ವೈನ್ ಬಾಟ್ಲಿ ಹಿಡ್ಕೊಂಡು ಬಂದಿದ್ದ, ಕುಡಿಯೋಕಲ್ಲ ಸ್ವಾಮಿ, ಬರೀ ನಾಕು ಜನಕ್ಕೆ ತೋರ್ಸೋಕೆ! ಟೇಬಲ್‌ಗೆ ತಾಗಿ ಬಾಟ್ಲಿ ಒಡೀತು, ವೈನ್ ಸೋರಿ ನೆಲದ ಪಾಲಾಯ್ತು. ಇನ್ಶೂರೆನ್ಸಿಂದ 2,25,000 ಡಾಲರ್ ಬಂತು ಬಿಡಿ, ಆದ್ರೆ ಕುಡಿಯೋ ಭಾಗ್ಯ ಇದ್ದಿದ್ದು ಕಾರ್ಪೆಟ್‌ಗೆ. ಇನ್ನೂ ಮಜಾ ಏನಂದ್ರೆ ಅದು ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ದು ಅಂತ ಹೇಳಿ ಮಾರ್ತಿದ್ದ ಬಾಟ್ಲಿಗಳಲ್ಲೊಂದು, ಅಂಥವನ್ನೇ ಕೊಂಡಿದ್ದ ಅಮೆರಿಕದ ಕೋಟ್ಯಾಧಿಪತಿ ಬಿಲ್ ಕೋಕ್ ಆಮೇಲೆ ಪರೀಕ್ಷೆ ಮಾಡಿಸಿದಾಗ ಗಾಜಿನ ಮೇಲಿನ ಜೆಫರ್ಸನ್ ಹೆಸರಿನ ಅಕ್ಷರ ಕೆತ್ತಿದ್ದು ಕರೆಂಟ್ ಟೂಲಲ್ಲಿ ಅಂತ ಗೊತ್ತಾಯ್ತು. 18ನೇ ಶತಮಾನದಲ್ಲಿ ಕರೆಂಟು!

ನನ್ ಪ್ರಕಾರ ಇಂಥ ಮೋಸ ಇಷ್ಟು ವರ್ಷ ನಡೆಯೋದೇ ಬಾಟ್ಲಿ ಓಪನ್ ಆಗದೇ ಹರಾಜಿಂದ ಹರಾಜಿಗೆ ಸುತ್ತೋದ್ರಿಂದ. ಷೇರು, ಸೈಟು ಥರ ಇಟ್ಕೊಂಡು ರೇಟ್ ಏರ್ಲಿ ಅಂತ ಕಾಯೋರಿಗೆ ಒಳಗಡೆ ಏನಿದ್ರೆ ಏನು?

ಹಳೇ ವೈನಿನ ಮಜಾ ಇರೋದೇ ತೆಗೆಯೋದ್ರಲ್ಲಿ. ಒಂದೆರಡು ದಿನ ಮೊದ್ಲೇ ಬಾಟ್ಲಿ ನೆಟ್ಟಗೆ ನಿಲ್ಲಿಸ್ಬೇಕು, ಗಸಿಯೆಲ್ಲಾ ತಳ ಸೇರ್ಲಿ ಅಂತ. ಕಾರ್ಕ್ ನೆಂದ ರಸ್ಕ್ ಥರ ಆಗಿರತ್ತೆ, ಮಾಮೂಲಿ ಸ್ಕ್ರೂ ಹಾಕಿ ಎಳೆದ್ರೆ ಪುಡಿಪುಡಿ, ಅದಕ್ಕೇ ಎರಡು ತೆಳ್ಳನೆ ಪಟ್ಟಿ ಇರೋ ಓಪನರ್‌ನ ಕಾರ್ಕಿನ ಪಕ್ಕಕ್ಕೆ ಇಳಿಸಿ ಮೆಲ್ಲಗೆ ತಿರುಗಿಸ್ತಾ ಎತ್ತೋದು. ಬಾಟ್ಲಿ ಕತ್ತಿನ ಹಿಂದೆ ಮೇಣದ ಬತ್ತಿ ಇಟ್ಕೊಂಡು ಬಗ್ಗಿಸ್ತಾ ಹೋಗಿ, ಗಸಿ ಕತ್ತಿನ ಹತ್ರ ಬಂತು ಅಂದ ಕೂಡ್ಲೇ ನಿಲ್ಲಿಸ್ಬೇಕು. ಆಮೇಲೆ ತಡ ಮಾಡಂಗಿಲ್ಲ, ತುಂಬಾ ವಯಸ್ಸಾದ ವೈನು ಗಾಳಿ ತಾಗಿ ಅರ್ಧ ಗಂಟೇಲೇ ಸಪ್ಪೆ ಆಗ್ಬಿಡಬಹುದು (ಪೋರ್ಚುಗಲ್‌ನ ಮಡೇರಾ ವೈನ್ ಬಿಡಿ, ಅದನ್ನ ಮಾಡುವಾಗಲೇ ಬಿಸಿಯಲ್ಲಿ ಬೇಯಿಸಿರ್ತಾರೆ, ನೂರು ವರ್ಷ ಆದ್ರೂ ಜಗ್ಗಲ್ಲ). ಅದಕ್ಕೇ ಹಂಚ್ಕೊಂಡು ಕುಡಿಯೋದು. 750 ಎಂಎಲ್‌ನ ಎಂಟು ಜನಕ್ಕೆ ಹಾಕಿದ್ರೆ ತಲೆಗೆ ಮೂರ್ನಾಲ್ಕು ಗುಟುಕು, ಸಾಕು. ಕೆಲವು ವಿನೆಗರ್ ಆಗಿರತ್ತೆ, ಆಗ್ಲಿ ಬಿಡಿ, ಅದನ್ನೂ ಸೇರಿಯೇ ಬೈಕೊಳ್ಳೋಣ.

ಹಾಗಂತ ಧಾರಾಳವಾಗಿ ಹಂಚೋರೆಲ್ಲಾ ಸಾಚಾ ಅಂತಲೂ ಅಲ್ಲ ಮತ್ತೆ. ಅಮೆರಿಕದಲ್ಲಿ ಹಳೇ ವೈನ್ ಮಾರ್ತಿದ್ದ ರೂಡಿ ಕುರ್ನಿಯಾವಾನ್ ಹಂಚಿದಷ್ಟು ಯಾರು ಹಂಚಿದ್ರು? ಡಿನ್ನರ್ ಮುಗಿದ್ಮೇಲೆ ಖಾಲಿ ಬಾಟ್ಲಿ ಮನೆಗೆ ಕಳ್ಸಿ ಅಂತಿದ್ದ, ಅದಕ್ಕೇ ಬೇರೆ ವೈನ್ ತುಂಬಿ ಮಾರೋದು! 2008ರಲ್ಲಿ ಅವನು ಹರಾಜಿಗಿಟ್ಟ ಫ್ರಾನ್ಸಿನ ಪೋಂಸೋ ಅನ್ನೋ ವೈನ್ ಮನೆತನದ ಕ್ಲೋ ಸೇಂಟ್ ಡೆನಿ ವೈನ್ ಬಾಟ್ಲಿಗಳ ಮೇಲೆ 1945ರಿಂದ 1971ರ ವರ್ಷಗಳಿದ್ವು, ಆ ಮನೆತನ ಆ ವೈನ್ ಮಾಡೋಕೆ ಶುರು ಮಾಡಿದ್ದೇ 1982ರಲ್ಲಿ. ಆ ಮನೆತನದ ಲೋರಾಂ ಪೋಂಸೋ ಫ್ರಾನ್ಸಿನ ಬರ್ಗಂಡಿಯಿಂದ ಖುದ್ದು ನ್ಯೂಯಾರ್ಕಿಗೆ ಬಂದು ಹರಾಜು ತಡೆದ. 2014ರಲ್ಲಿ ರೂಡಿಗೆ ಹತ್ತು ವರ್ಷ ಜೈಲು.

ಆದ್ರಿಂದ ನಿಮ್ಮಲ್ಲಿ ಯಾರಿಗಾದ್ರೂ ಅಂಥ ಬಾಟ್ಲಿ ಸಿಕ್ಕಿ, ನಾಕು ಜನ ಕರೆದು ಊಟಕ್ಕೆ ಕೂತ್ರೆ, ಕೊನೇಲಿ ಒಂದು ಮಾರ್ಕರ್ ತಗೊಂಡು ಲೇಬಲ್ ಮೇಲೆ ಎಲ್ಲರ ಸೈನ್ ಗೀಚಿಸ್ಬಿಡಿ, ಆ ಖಾಲಿ ಬಾಟ್ಲಿಗೆ ಯಾರೂ ಮತ್ತೆ ತುಂಬಿ ಮಾರದಿರ್ಲಿ ಅಂತ. ಕರೆಯೋರ ಲಿಸ್ಟಲ್ಲಿ ನನ್ ಹೆಸರೂ ಇರ್ಲಿ, ಮಾರ್ಕರ್ ನಾನೇ ತರ್ತೀನಿ.