ಶ್ರಾದ್ಧದ ಹಾಡಿಗೆ ಸುಖನಿದ್ದೆ

ಗಾಢ ನಿದ್ದೆ, ಏಕಾಗ್ರತೆ, ಸ್ಪಾ. ಈ ಮೂರರಲ್ಲಿ ಒಂದು ಪಟ್ಟಿಯಲ್ಲಾದರೂ ಯುರೋಪಿನ ಹದಿನಾರು-ಹದಿನೇಳನೇ ಶತಮಾನದ ಕೋರಸ್ ಇಲ್ಲದ ಮ್ಯೂಸಿಕ್ ಆ್ಯಪ್ ಯಾವುದಾದರೂ ಇದ್ದರೆ ಹೇಳಿ. ಮೇಣದಬತ್ತಿಯ ಚಿತ್ರ, ಮಂಜು ಹಿಡಿದ ಕಿಟಕಿ, ಕೆಳಗೆ ‘ದೈವಿಕ ಪ್ರಶಾಂತತೆ’. ಪಟ್ಟಿ ಮಾಡಿದ ಪುಣ್ಯಾತ್ಮರ ರುಚಿಗೆ ಒಂದು ನಮಸ್ಕಾರ. ಸ್ಪೇನಿನ ಸಂಗೀತಕಾರ ವಿಕ್ಟೋರಿಯಾ 1605ರಲ್ಲಿ ಅಚ್ಚು ಹಾಕಿಸಿದ ರೆಕ್ವಿಯೆಮ್, ಅಂದರೆ ಸತ್ತವರಿಗಾಗಿ ಹಾಡುವ ಪೂಜೆ, ಅದರಲ್ಲಿದೆ. 1603ರಲ್ಲಿ ತೀರಿಕೊಂಡ ಮಹಾರಾಣಿ ಮರಿಯಾಳಿಗಾಗಿ ಬರೆದದ್ದು; ಒಳಗೊಂದು ಕಡೆ ‘ಈ ಬದುಕು ನನ್ನ ಜೀವಕ್ಕೆ ಸಾಕಾಗಿಹೋಗಿದೆ’ ಎಂಬ ಗೋಳು. ಟ್ಯಾಲಿಸ್‌ನ ‘ಲ್ಯಾಮೆಂಟೇಶನ್ಸ್’ ಇದೆ, ಹಾಳುಬಿದ್ದ ಜೆರುಸಲೇಮಿನ ಅಳು. ಅಲ್ಲೆಗ್ರಿಯ ‘ಮಿಸೆರೆರೆ’ ಇದೆ, ಪರರ ಹೆಂಡತಿಯನ್ನು ಕೂಡಿ ಅವಳ ಗಂಡನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಸಾಯಿಸಿದ ದಾವೀದನ ಪಶ್ಚಾತ್ತಾಪ. ಮಲಗಿ, ಶುಭರಾತ್ರಿ.

ಬರ್ಡ್‌ನ ನಾಲ್ಕು ದನಿಗಳ ಮಾಸ್, ಅಂದರೆ ಹಾಡಿನ ಪೂಜೆ, ಫೇಶಿಯಲ್‌ಗೆ ಬಹಳ ಒಗ್ಗುತ್ತದಂತೆ. 1590ರ ದಶಕದ ಇಂಗ್ಲೆಂಡಿನಲ್ಲಿ ಅದನ್ನು ಮುಖಪುಟವೇ ಇಲ್ಲದೆ ಅಚ್ಚು ಹಾಕಿದ್ದರು, ಏಕೆಂದರೆ ಕ್ಯಾಥೊಲಿಕ್ ಪೂಜೆಗೆ ನಿಷೇಧವಿತ್ತು, ಪಾದ್ರಿಗೆ ಆಸರೆ ಕೊಟ್ಟವರು ಗಲ್ಲಿಗೇರಬೇಕಿತ್ತು. ಕೊನೆಯ ‘ದೋನಾ ನೋಬಿಸ್ ಪಾಚೆಮ್’, ಅಂದರೆ ‘ನಮಗೆ ಶಾಂತಿ ಕೊಡು’ ಎಂಬ ಸಾಲನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಒಂದು ದನಿ ಹಿಡಿದ ಸ್ವರ ಬಿಡುವುದಿಲ್ಲ, ಪಕ್ಕದ್ದು ಸರಿದು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತದೆ, ಮೊದಲಿನದು ಒಂದು ಮೆಟ್ಟಿಲು ಇಳಿದು ದಾರಿ ಬಿಡುತ್ತದೆ, ಅಷ್ಟರಲ್ಲಿ ಇನ್ನೊಂದು ಡಿಕ್ಕಿ. ಹೀಗೆ ಸಾಲು ಸಾಲು. ಪ್ರಾಣಭಯದಲ್ಲಿದ್ದವರು ಶಾಂತಿ ಬೇಡಿದ ರೀತಿ ಅದು. ಶಫಲ್ ಒತ್ತಿದ್ದರೆ ಈ ಸಾಲಾದ ಮೇಲೆ ಪೂಜೆಯ ಮೊದಲ ಹಾಡಾದ ಕೀರಿಯೆ ಶುರು, ಮಂಗಳ ಹಾಡಿ ವರ್ಣ ಎತ್ತಿಕೊಂಡ ಹಾಗೆ.

ಟಿಕೆಟ್ ಕೊಂಡು ಬರುವ ರಸಿಕರೇನು ಕಮ್ಮಿಯಿಲ್ಲ. ಮಿಸೆರೆರೆ ಎಂದರೆ ಅವರಿಗೆ ಒಂದೇ ಸ್ವರ, ಎಲ್ಲಕ್ಕಿಂತ ಎತ್ತರದ ಹೈ ಸಿ. ಐದು ದನಿಗಳ ಮೇಳ ಒಂದು ಕಡೆ, ನಾಲ್ಕು ದನಿಗಳದ್ದು ದೂರದಲ್ಲಿ, ನಡುನಡುವೆ ಬರಿಯ ಪಠಣ. ಚಿಕ್ಕ ಮೇಳದ ಸರದಿ ಬಂದಾಗೆಲ್ಲ ಆ ಸ್ವರ, ಒಟ್ಟು ಐದು ಸಲ. ಮೊದಲನೆಯದಕ್ಕೆ ರೋಮಾಂಚನ, ಎರಡನೆಯದಕ್ಕೆ ಕಣ್ಣೀರು, ಮೂರನೆಯದಕ್ಕೆ ಮೊಬೈಲು. ಪಾಪ, ಅಲ್ಲೆಗ್ರಿ ಅದನ್ನು ಬರೆದೇ ಇಲ್ಲ. 1630ರ ದಶಕದಲ್ಲಿ ಅವನು ಬರೆದದ್ದು ಸಾದಾ ಕಾರ್ಡುಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲು. ಮೇಲಿನ ಅಲಂಕಾರವೆಲ್ಲ ಪೋಪನ ಸಿಸ್ಟೀನ್ ಚಾಪೆಲಿನ ಗಾಯಕರ ಬಾಯಿಪಾಠ. ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಬರ್ನಿ 1771ರಲ್ಲಿ ಅಚ್ಚು ಹಾಕಿಸಿದ್ದರಲ್ಲೂ ಹೈ ಸಿ ಇಲ್ಲ. ಜರ್ಮನಿಯ ಸಂಗೀತಕಾರ ಮೆಂಡೆಲ್ಸನ್ 1831ರಲ್ಲಿ ರೋಮಿನಲ್ಲಿ ಕೇಳಿದ್ದು ಮೇಲಿನ ಶ್ರುತಿಯಲ್ಲಿ. ಅವನು ಬರೆದಿಟ್ಟ ತುಣುಕು 1880ರ ಗ್ರೋವ್ ಸಂಗೀತ ಕೋಶದ ಲೇಖನಕ್ಕೆ ಸೇರಿತು. ಅದನ್ನು ಶ್ರುತಿಗೆ ಹೊಂದಿಸದೆ ಕೆಳಶ್ರುತಿಯ ಸಾಲಿನ ನಡುವೆ ಹೊಲಿದುಬಿಟ್ಟರು. ಅದಕ್ಕೇ ಆ ಸಾಲು ಜಿ ಮೈನರಿನಲ್ಲಿ ನಡೆಯುತ್ತಿದ್ದದ್ದು ತಟಕ್ಕನೆ ಸಿ ಮೈನರಿಗೆ ಹಾರುತ್ತದೆ. ತೇಪೆ, ಸ್ವಾಮೀ. ಚೆಂದದ ತೇಪೆ, ಇಲ್ಲವೆನ್ನುವುದಿಲ್ಲ. ಆದರೆ ‘ರೆನೈಸಾನ್ಸ್‌ನ ಆತ್ಮ’ ಎಂದು ಕಾರ್ಯಕ್ರಮದ ಚೀಟಿಯಲ್ಲಿ ಅಚ್ಚು ಹಾಕುವವರಿಗೆ ಸೀರೆಯ ಅಂಚೂ ಒಂದೇ, ತೇಪೆಯ ದಾರವೂ ಒಂದೇ.

ವಾದ್ಯಮೇಳದ ಕಥೆ ಬೇರೆ. ವಯಲ್ ಎಂಬ ಹಳೆಯ ಕಮಾನು ವಾದ್ಯಕ್ಕೆ ಕರುಳಿನ ತಂತಿ, ಕೊರಳಿಗೆ ಕಟ್ಟಿದ ಮೆಟ್ಟಿಲೂ ಕರುಳಿನದೇ. ಸಭೆ ತುಂಬಿ ಗಾಳಿಯ ತೇವ ಏರಿದರೆ ಶ್ರುತಿ ಜಾರುತ್ತದೆ, ಒಂದೊಂದು ಕೃತಿಗೂ ಮೊದಲು ಕಿವಿ ಹಿಂಡಬೇಕು. ಜನ ಅದಕ್ಕೂ ಚಪ್ಪಾಳೆ. 1971ರಲ್ಲಿ ನ್ಯೂಯಾರ್ಕಿನಲ್ಲಿ, ಶ್ರುತಿ ಮಾಡಿದ್ದಕ್ಕೇ ಇಷ್ಟು ಮೆಚ್ಚಿದ್ದೀರಿ, ನುಡಿಸುವುದನ್ನು ಇನ್ನೂ ಮೆಚ್ಚುತ್ತೀರೆಂದುಕೊಳ್ಳುತ್ತೇನೆ ಎಂದು ರವಿಶಂಕರ್ ಹೇಳಿದ್ದು ನೆನಪಿರಬೇಕು. ಅತ್ತ ಚಪ್ಪಾಳೆ ಸಲ್ಲದ ಕಡೆಯೂ ಬೀಳುತ್ತದೆ. ಕೋರಸ್ಸಿನ ಕೊನೆಯ ಕಾರ್ಡಿನಲ್ಲಿ ಒಳ್ಳೆಯ ಗಾಯಕರು ಗಾಂಧಾರವನ್ನು ಪಿಯಾನೋದ್ದಕ್ಕಿಂತ 14 ಸೆಂಟ್ ಕೆಳಗಿಡುತ್ತಾರೆ, ಪಿಯಾನೋದ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅರ್ಧಸ್ವರದ ಅಂತರದಲ್ಲಿ ಏಳನೇ ಒಂದು ಭಾಗದಷ್ಟು. ಆಗ ಕಂಪನಗಳ ತಿಕ್ಕಾಟ ನಿಂತು, ಇಡೀ ಕಾರ್ಡು ಕಲ್ಲಿನ ಗೋಡೆಗಳ ನಡುವೆ ಹಲವು ಸೆಕೆಂಡು ತಾನಾಗಿ ಮೊಳಗುತ್ತದೆ. ತಂಬೂರಿಯ ಮಂದ್ರ ತಂತಿಯಿಂದ ತಾನೇ ಹೊಮ್ಮುವ ಅಂತರ ಗಾಂಧಾರ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇಳಿದರೂ, ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಏಳುವ ನಮ್ಮವರು ಕೇಳುತ್ತಾರೆಯೇ? ಗಾಯಕರು ಬಾಯಿ ಮುಚ್ಚುವ ಮೊದಲೇ ‘ಬ್ರಾವೋ’. ಅಷ್ಟು ಹೊತ್ತು ಕಟ್ಟಿದ್ದು ಅಲ್ಲಿಗೆ ಖತಂ.

2023ರ ಮಾರ್ಚಿನಲ್ಲಿ ಬಿಬಿಸಿ ಮಾಡಿದ್ದು ಎಲ್ಲರಿಗೂ ಗೊತ್ತು. 1924ರಲ್ಲಿ ಶುರುವಾದ ಬಿಬಿಸಿ ಸಿಂಗರ್ಸ್, ಪೂರ್ಣಕಾಲಿಕ ಗಾಯಕರು ಇಪ್ಪತ್ತೇ ಜನ. ನೂರು ತುಂಬಲು ಒಂದು ವರ್ಷವಿದ್ದಾಗ ಮುಚ್ಚುತ್ತೇವೆಂದರು. ಜನ ಕೂಗೆಬ್ಬಿಸಿದ ಮೇಲೆ ಅದೇ ತಿಂಗಳು ಹಿಂದೆ ಸರಿದರು. ಇಪ್ಪತ್ತು ಜನ! ಇದನ್ನು ‘ದೈವಿಕ’ ಎನ್ನಲು ಎಲ್ಲರಿಗೂ ನಾಲಿಗೆ ಇದೆ. ದಿನಾ ಕೂತು ಆ 14 ಸೆಂಟ್ ಅಭ್ಯಾಸ ಮಾಡುವವರಿಗೆ ಸಂಬಳ ಕೊಡಬೇಕೆಂದಾಗ ಮಾತ್ರ ಲೆಕ್ಕಪುಸ್ತಕ ತೆರೆಯುತ್ತದೆ. ಹೇಳಿ ಹೇಳಿ ಸಾಕಾಗಿದೆ.

ಹೋಗಲಿ, ಗಾಯಕರನ್ನೆಲ್ಲ ಮನೆಗೆ ಕಳಿಸಿದರೂ ನಿದ್ದೆಯ ಪಟ್ಟಿಗೆ ಏನೂ ಆಗುವುದಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 12 ವರ್ಷದ ಹುಡುಗ ಹಾಡಿದ 1963ರ ಮಿಸೆರೆರೆ ರೆಕಾರ್ಡಿಂಗ್ ಇದ್ದೇ ಇದೆ, ಅದೂ ಇಂಗ್ಲಿಷಿನಲ್ಲಿ. ಹೈ ಸಿ ಐದು ಸಲವೂ ತಪ್ಪದೆ ಬರುತ್ತದೆ.