ಚೈನ್‌ಗೆ ತೋರೋ ಪ್ರೀತಿಯಲ್ಲಿ ಕಾಲುಭಾಗ ಕಾರಿಗೂ ಇರಲಿ

ಭಾನುವಾರ ಬೆಳಗಿನ ಜಾವ ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೊರಡೋ ಬೈಕ್‌ಗಳನ್ನ ನೋಡಿ. ಚೈನ್ ಫಳಫಳ ಅಂತಿರುತ್ತೆ, ಸಡಿಲ ಅಳತೆ ಹಿಡಿದು ಬಿಗಿ ಮಾಡಿರ್ತಾರೆ, ಎರಡೂ ಟಯರಿಗೆ ಗಾಳಿ ಪಕ್ಕಾ. ಅದೇ ಮನೆ ಮುಂದೆ ನಿಂತಿರೋ ಆಲ್ಟೋನೋ ವ್ಯಾಗನ್‌ಆರೋ ನೋಡಿ. ವೈಪರ್ ಸಂದಿಯಲ್ಲಿ ಹೊಂಗೆ ಎಲೆ, ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಇಲ್ಲವೋ ದೇವರೇ ಬಲ್ಲ. ಬೈಕ್ ಹುಚ್ಚಿರೋರ ಮನೇಲಿ ಕಾರು ಅಂದ್ರೆ ಮಲಮಗು.

ಉದಾಸೀನ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ಬೈಕ್ ಗೊತ್ತಿರೋರು ಬೈಕಿನ ಅಭ್ಯಾಸಗಳನ್ನೇ ಕಾರಿಗೂ ಹೊತ್ತು ತರ್ತಾರೆ, ಅಲ್ಲಿಂದಲೇ ಖರ್ಚು ಶುರು. ಮೊದಲ ಬಲಿ ಕ್ಲಚ್.

ನಮ್ಮ ಬಹುಪಾಲು ಬೈಕ್‌ಗಳ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಒಂದರ ಮೇಲೊಂದು ಹಲವಾರು ಪ್ಲೇಟ್. ಹಾಫ್ ಕ್ಲಚ್‌ನಲ್ಲಿ ತೆವಳಿದರೂ ಆ ಬಿಸಿಯನ್ನ ಆಯಿಲ್ ಹೊತ್ತೊಯ್ಯುತ್ತೆ. ಮ್ಯಾನ್ಯುಯಲ್ ಗೇರಿನ ಸಣ್ಣ ಕಾರಲ್ಲಿರೋದು ಒಂದೇ ಒಣ ಪ್ಲೇಟ್. ಅಲ್ಲಿ ಬಿಸಿ ಹೋಗೋಕೆ ದಾರಿಯಿಲ್ಲ. ರಜಾ ದಿನ ನಂದಿ ಏರಲ್ಲಿ ಗಾಡಿಗಳು ಸಾಲುಗಟ್ಟಿದಾಗ ಹ್ಯಾಂಡ್‌ಬ್ರೇಕ್ ಮುಟ್ಟದೆ, ಕ್ಲಚ್ಚು ಆಕ್ಸಿಲರೇಟರ್‌ನಲ್ಲೇ ಕಾರು ಹಿಡಿದು ನಿಲ್ಲಿಸೋರಿದ್ದಾರೆ. ನೋಡೋಕೆ ಬಲು ಚಂದ. ಎರಡು ತಿರುವು ದಾಟೋದ್ರೊಳಗೆ ಸುಟ್ಟ ವಾಸನೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ಕಾಯೋದೂ ಬೈಕಿನಿಂದ ಬಂದ ಚಾಳಿ. ಕಾರಲ್ಲಿ ಅದು ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಸವೆಸುತ್ತೆ. ನಿಂತ ಕೂಡಲೇ ನ್ಯೂಟ್ರಲ್ ಮಾಡಿ, ಏರಾದ್ರೆ ಹ್ಯಾಂಡ್‌ಬ್ರೇಕ್ ಎಳೀರಿ.

ಕ್ಲಚ್ ಸವೆದಿದೆಯಾ ಅಂತ ತಿಳಿಯೋಕೆ ಖಾಲಿ ಸಮತಟ್ಟು ರಸ್ತೆ ಸಾಕು. ನಾಲ್ಕನೇ ಗೇರಲ್ಲಿ ನಲವತ್ತರ ಆಸುಪಾಸು ಓಡ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಹಿಂದೆ ಉಳಿದರೆ ಪ್ಲೇಟ್ ಜಾರ್ತಿದೆ. ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಪ್ಲೇಟ್, ಅದನ್ನ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸಿ. ಬೇರಿಂಗ್ ದುಡ್ಡು ಉಳಿಸಿದರೆ ಅದೇ ಕೂಲಿ ಇನ್ನೊಂದು ಸಲ ಕೊಡಬೇಕಾಗುತ್ತೆ.

ಆಯಿಲ್ ವಿಷಯದಲ್ಲೂ ಇದೇ ಕಥೆ. ಬುಲೆಟ್‌ಗೆ ಹಾಕಿ ಉಳಿದ 15ಡಬ್ಲ್ಯು-50 ಗ್ರೇಡಿನ ದಪ್ಪ ಆಯಿಲ್ ಅರ್ಧ ಲೀಟರ್ ಮೂಲೆಯಲ್ಲಿರುತ್ತೆ, ಸುಮ್ಮನೆ ಯಾಕೆ ಹಾಳು ಅಂತ ಕಾರಿಗೆ ಸುರೀತಾರೆ. ಈಗಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಕೇಳೋದು 0ಡಬ್ಲ್ಯು-20, 5ಡಬ್ಲ್ಯು-30ರಂಥ ತೆಳು ಆಯಿಲ್. ದಪ್ಪದ್ದು ತಣ್ಣಗಿನ ಎಂಜಿನ್‌ನ ತಲೆ ಮುಟ್ಟೋಕೆ ತಡ ಮಾಡುತ್ತೆ, ಮೈಲೇಜೂ ತಿನ್ನುತ್ತೆ. ತಿರುಗಾ ಮುರುಗಾ ಆದ್ರೆ ಇನ್ನೂ ಕೆಟ್ಟದ್ದು. ಘರ್ಷಣೆ ತಗ್ಗಿಸೋ ಅಂಶ ಸೇರಿದ ಕಾರಿನ ಆಯಿಲ್ ಬೈಕಿಗೆ ಹೋದರೆ ಕ್ಲಚ್ ಪ್ಲೇಟ್‌ಗಳು ಜಾರೋಕೆ ಶುರು. ಬೈಕಿನ ಆಯಿಲ್ ಡಬ್ಬದ ಮೇಲೆ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಒಗ್ಗುತ್ತೆ ಅನ್ನೋ ಗುರುತಾಗಿ, ಜಾಸೋ ಎಂಎ ಅಥವಾ ಎಂಎ2 ಅಂತ ಇರೋದೇ ಅದಕ್ಕೆ.

ವಾರಕ್ಕೊಮ್ಮೆ ಹೊರಗೆ ಬರೋ ಕಾರಿನ ಬ್ಯಾಟರಿ ಸಾಯೋದಕ್ಕೆ ಸರಳ ಲೆಕ್ಕ ಇದೆ. ಕೀ ತೆಗೆದ ಮೇಲೂ ಅಲಾರ್ಮು, ಗಡಿಯಾರ ಸೇರಿ 50 ಮಿಲಿ ಆಂಪ್ ಎಳೀತಿವೆ ಅಂದ್ಕೊಳ್ಳಿ. ದಿನಕ್ಕೆ 1.2 ಆಂಪ್ ಅವರ್. ಹತ್ತು ದಿನಕ್ಕೆ 12. ಬ್ಯಾಟರಿ 35 ಆಂಪ್ ಅವರ್‌ದಾದ್ರೆ ಮೂರನೇ ಒಂದು ಭಾಗ ನಿಂತಲ್ಲೇ ಖಾಲಿ. ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ತುಂಬಿದ ಬ್ಯಾಟರಿ, 12.2 ಅಂದ್ರೆ ಅರ್ಧಕ್ಕೆ ಬಂತು. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಬೇಡ. ಸ್ಟಾರ್ಟಿಂಗ್‌ಗೆ ಹೋದದ್ದು ಪೂರ್ತಿ ತುಂಬಲ್ಲ, ಎಂಜಿನ್ ಬಿಸಿಯಾಗದೆ ಸೈಲೆನ್ಸರ್‌ನಲ್ಲಿ ನೀರು ನಿಲ್ಲುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟರ್ಮಿನಲ್ ಬಿಚ್ಚಿ, ಮೊದಲು ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಅಲ್ಲೇ ಕಿಡಿ.

ನಮ್ಮ ಸೀಮೆಗೇ ಅಂಟಿದ ಒಂದು ತೊಂದರೆ ಬೋರ್ ನೀರು. ಅಷ್ಟು ಆಳದಿಂದ ಬರೋ ಗಡಸು ನೀರನ್ನ ರೇಡಿಯೇಟರ್‌ಗೆ ಹುಯ್ದರೆ ಒಳಗೆ ಬಿಳಿ ಪದರ ಕಟ್ಟುತ್ತೆ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುತ್ತಲ್ಲ, ಅದೇ. ಎಂಜಿನ್ ತಂಪಿಡೋ ಕೂಲಂಟ್ ರೆಡಿಮಿಕ್ಸ್ ಆದ್ರೆ ನೇರ ಹಾಕಿ. ನೀರು ಬೆರೆಸಬೇಕಾದ ಗಟ್ಟಿ ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮುಚ್ಚಳ ತೆಗೆಯೋದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ಬೆಟ್ಟ ಇಳಿಯುವಾಗ ಎರಡನೇ ಗೇರ್ ಅಂತ ಬೈಕ್‌ನೋರಿಗೆ ಹೇಳಬೇಕಾಗಿಲ್ಲ, ಆ ಅಭ್ಯಾಸ ಮಾತ್ರ ಕಾರಿಗೂ ಒಳ್ಳೇದು. ಮರೆಯೋದು ಬ್ರೇಕ್ ಆಯಿಲ್. ಹೊಸ ಡಾಟ್ 4 ಗ್ರೇಡಿನ ಬ್ರೇಕ್ ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯುತ್ತೆ, ತೇವ ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಕುದ್ದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ಕೆಳಕ್ಕೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ಯಾವ ಕಾರು ಅನ್ನೋ ಪ್ರಶ್ನೆ. ಬೈಕ್ ಪ್ರಿಯರಿಗೆ ಟಾರ್ಕ್, ಅಂದ್ರೆ ಎಳೆಯೋ ಶಕ್ತಿಯ ಆಸೆ, ಅದಕ್ಕೇ ಡೀಸೆಲ್ ಮೇಲೆ ಕಣ್ಣು. ಮಾರ್ಕೆಟ್ಟು, ಶಾಲೆ, ಬಸ್ ಸ್ಟ್ಯಾಂಡ್ ಅಂತ ಮೂರು ಕಿಲೋಮೀಟರ್ ಓಡಾಟಕ್ಕೆ 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ತಗೋಬೇಡಿ. ಹೊಗೆ ಸೋಸೋ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂಡೋ ಮಸಿ ಉರಿದುಹೋಗೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಅದಕ್ಕೆ ಹೈವೇಯಲ್ಲಿ ತಡೆಯಿಲ್ಲದ ಓಟ ಬೇಕು. ವಾರವಾರ ದೇವನಹಳ್ಳಿ ದಾಟಿ ಹೋಗಿಬರೋರಿಗೆ ಸರಿ. ಉಳಿದೋರಿಗೆ ಟರ್ಬೋ ಇಲ್ಲದ ಸಣ್ಣ ಪೆಟ್ರೋಲ್, ಮ್ಯಾನ್ಯುಯಲ್ ಗೇರ್, ಸೆಕೆಂಡ್ ಹ್ಯಾಂಡ್ ಆದ್ರೂ ಸೈ. ಹಳೇ ಆಲ್ಟೋ 800 ನೋಡೋಕೆ ಹೋದ್ರೆ ಎಂಜಿನ್ ವಾಲ್ವ್‌ಗಳನ್ನ ತಾಳಕ್ಕೆ ಆಡಿಸೋ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ರು ಅಂತ ಬಿಲ್ ಸಮೇತ ಕೇಳಿ. ಆಲ್ಟೋ ಕೆ10ಗೆ ಆ ತಲೆನೋವಿಲ್ಲ, ಅದರದ್ದು ಬೆಲ್ಟ್ ಬದಲು ಚೈನು.

ಹಾಗೇ ಟಯರ್ ಪಕ್ಕದ ನಾಲ್ಕಂಕಿ ಓದಿ. 2319 ಅಂದ್ರೆ 2019ರ 23ನೇ ವಾರ. ಟಯರಿನ ಗೀರು ಎಷ್ಟೇ ಆಳ ಕಂಡರೂ ಅಷ್ಟು ಹಳೇ ರಬ್ಬರ್ ಗಡಸಾಗಿ ಮಳೆಯಲ್ಲಿ ಜಾರುತ್ತೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಮೇಲಿನ ಅಂಕಿಯನ್ನೂ ನೋಡಿ.