ಕುಸುಬೆ ಎಣ್ಣೆಯನ್ನೂ ಚೆಲ್ಲಬೇಕೇ?
ಬೀಜದ ಎಣ್ಣೆಗಳೆಲ್ಲ ವಿಷ, ತುಪ್ಪ ಮತ್ತು ತೆಂಗಿನೆಣ್ಣೆಗೆ ಮರಳಿ ಎಂದು ನಾನು ಓದಿದ ಲೇಖನವೊಂದರ ಲೇಖಕರು ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಹಾಗಾದರೆ ವಿಜಯಪುರ, ಗದಗದ ಕಡೆ ತಲೆಮಾರುಗಳಿಂದ ರೊಟ್ಟಿ, ಚಟ್ನಿಪುಡಿಯ ಜೊತೆ ಗಾಣದ ಕುಸುಬೆ ಎಣ್ಣೆ ಉಂಡವರು ಏನು ಮಾಡಬೇಕು? ಲೇಖಕರು ಬೈಯುವ ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಅದರಲ್ಲಿ ಸುಮಾರು ಮುಕ್ಕಾಲು ಪಾಲು ಇರುತ್ತದೆ.

ಅವರು ನೆಚ್ಚಿಕೊಂಡಿರುವ, ಆಹಾರದ ಕೊಬ್ಬಿಗೂ ಹೃದ್ರೋಗಕ್ಕೂ ಇರುವ ನಂಟನ್ನು ನೋಡಿದ ಆಸ್ಟ್ರೇಲಿಯಾದ ಸಿಡ್ನಿ ಅಧ್ಯಯನದಲ್ಲಿ ಕುಸುಬೆ ಎಣ್ಣೆ ಕೊಟ್ಟ ಗುಂಪಿನಲ್ಲಿ ಸಾವು ಹೆಚ್ಚಿದ್ದು ನಿಜ. ಆದರೆ 1966ರಿಂದ 73ರವರೆಗೆ ನಡೆದ ಆ ಪ್ರಯೋಗದಲ್ಲಿದ್ದವರು ಆಗಲೇ ಹೃದ್ರೋಗಕ್ಕೆ ತುತ್ತಾಗಿದ್ದ 458 ಗಂಡಸರು. ಎಣ್ಣೆಯ ಜೊತೆಗೆ ಮಾರ್ಗರಿನ್ (ಎಣ್ಣೆಯಿಂದ ಮಾಡುವ ಬೆಣ್ಣೆಯಂಥ ಪದಾರ್ಥ) ಕೂಡ ಕೊಟ್ಟಿದ್ದರು. ಅದರಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಇದ್ದಿರಬಹುದು ಎಂಬ ಆಕ್ಷೇಪ ಹಳೆಯದು. ಇದಿಷ್ಟನ್ನೂ ಲೇಖನ ನುಂಗಿಹಾಕಿದೆ. ತೆಂಗಿನೆಣ್ಣೆಯ ಶೇ 80ಕ್ಕೂ ಹೆಚ್ಚು ಭಾಗ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಎಂಬುದನ್ನೂ ಹೇಳಿಲ್ಲ. (ಕರಾವಳಿಯವರು ಮುನಿಸಿಕೊಳ್ಳಬಾರದು.)

ನನ್ನ ಚಿಂತೆ ಬಜ್ಜಿ ಅಂಗಡಿಯ ಬಾಣಲೆಯದು: ಕಪ್ಪಗೆ, ಅಂಟಂಟಾಗಿ, ನೊರೆ ಎದ್ದ ಹಳೆಯ ಎಣ್ಣೆಯ ಮೇಲೆಯೇ ಹೊಸ ಪ್ಯಾಕೆಟ್ ಸುರಿಯುತ್ತಾರೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹೆಚ್ಚುವ ಪದಾರ್ಥಗಳು) ಶೇ 25 ದಾಟಿದರೆ ಬಳಸಕೂಡದು ಎಂಬ ನಿಯಮ 2018ರಿಂದಲೇ ಜಾರಿಯಲ್ಲಿದೆ. ನಮ್ಮ ಬೀದಿಯಲ್ಲಿ ಅದನ್ನು ಅಳೆಯಲು ಬಂದವರನ್ನು ನಾನಂತೂ ಕಂಡಿಲ್ಲ.